ಪ್ರಶ್ನೆ ಕೇಳುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆ

ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದುವುದು ನನ್ನ ತರಗತಿಯಲ್ಲಿ ಈಗ ಇಲ್ಲ. ಹಾಗೆ ಓದಿಸಿದರೆ ಎದ್ದು ನಿಂತ ಮಗುವಿಗೆ ತಪ್ಪಾದೀತೆಂಬ ಭಯ. ಉಳಿದವರು ತಮ್ಮ ಸರದಿಗೆ ಯಾವ ಪ್ಯಾರಾ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತಿರುತ್ತಾರೆ. ಪಾಠ ಏನು ಹೇಳುತ್ತಿದೆ ಎಂಬ ಕಡೆ ಯಾರ ಗಮನವೂ ಇರುವುದಿಲ್ಲ.

ಈಗ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡುತ್ತೇನೆ. ಪ್ಯಾಲಿಂಕ್ಸರ್ ಮತ್ತು ಬ್ರೌನ್ ಎಂಬ ಇಬ್ಬರು ಸಂಶೋಧಕಿಯರು 1984ರಲ್ಲಿ ಪ್ರಕಟಿಸಿದ ವಿಧಾನವನ್ನು ನನಗೆ ಬೇಕಾದಂತೆ ಹೊಂದಿಸಿಕೊಂಡಿದ್ದೇನೆ. ಒಂದು ಪ್ಯಾರಾ ಓದಿದ ಮೇಲೆ ಒಬ್ಬರು ಅದನ್ನು ಚಿಕ್ಕದಾಗಿ ಹೇಳಬೇಕು. ಒಬ್ಬರು ಪ್ರಶ್ನೆ ಕೇಳಬೇಕು. ಒಬ್ಬರು ತಿಳಿಯದ ಪದವನ್ನೋ ಸಾಲನ್ನೋ ಎತ್ತಿಕೊಂಡು ಗುಂಪಿನ ಜೊತೆ ಬಿಡಿಸಬೇಕು. ಇನ್ನೊಬ್ಬರು ಮುಂದೇನು ಬರಬಹುದೆಂದು ಊಹಿಸಬೇಕು. ಮುಂದಿನ ಪ್ಯಾರಾಕ್ಕೆ ಕೆಲಸ ಅದಲುಬದಲು. ಮೊದಮೊದಲು ಈ ನಾಲ್ಕೂ ಕೆಲಸಗಳನ್ನು ನಾನೇ ಗಟ್ಟಿಯಾಗಿ ಯೋಚಿಸುತ್ತಾ ಮಾಡಿ ತೋರಿಸಿದೆ. ಸುಮ್ನೆ ವಿವರಿಸಿದರೆ ಮಕ್ಕಳಿಗೆ ಹಿಡಿತ ಸಿಗುವುದಿಲ್ಲ.

ಇವುಗಳಲ್ಲಿ ನನಗೆ ಮುಖ್ಯ ಅನಿಸುವುದು ಪ್ರಶ್ನೆ ಕೇಳುವ ಕೆಲಸ. ಶುರುವಿನಲ್ಲಿ ಬರುವುದು 'ಜೇನುನೊಣಕ್ಕೆ ಎಷ್ಟು ಕಾಲು?' ಎಂಬಂಥ ಪ್ರಶ್ನೆಗಳೇ. ಅದಕ್ಕೆ ಒಂದು ನಿಯಮ ಇಟ್ಟೆ: ಉತ್ತರವನ್ನು ಪುಸ್ತಕದಲ್ಲಿ ಬೆರಳಿಟ್ಟು ತೋರಿಸಲು ಆದರೆ, ಇನ್ನೊಂದು ಪ್ರಶ್ನೆ ಬೇಕು. ಆಮೇಲೆ ಬಂದ ಪ್ರಶ್ನೆಗಳೇ ಬೇರೆ. ಆಹಾರ ಎಲ್ಲಿದೆ ಎಂದು ಜೇನುನೊಣ ಗೂಡಿಗೆ ಬಂದು ಕುಣಿದು ತಿಳಿಸುತ್ತದೆ ಎಂಬ ಭಾಗ ಓದುತ್ತಿದ್ದೆವು. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಕೇಳಿದಳು: "ಗೂಡಿನೊಳಗೆ ಕತ್ತಲಲ್ವಾ? ಕುಣಿಯೋದು ಬೇರೆ ನೊಣಕ್ಕೆ ಹೇಗೆ ಕಾಣುತ್ತೆ?" ಆ ಪ್ಯಾರಾದಲ್ಲಿ ಉತ್ತರ ಇರಲಿಲ್ಲ. ಇಡೀ ತರಗತಿ ಪಾಠವನ್ನು ಮತ್ತೆ ತಿರುವಿಹಾಕಿತು. ಮೀಸೆಯಿಂದ ಮುಟ್ಟಿ, ಅದುರುವಿಕೆಯಿಂದ ತಿಳಿಯುತ್ತವೆ ಎಂದು ಹೇಳುವ ಮೊದಲು ನಾನು ಅವರ ಊಹೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಮೀಸೆಯ ಊಹೆಯೂ ಅದರಲ್ಲಿತ್ತು!

ಪ್ರಶ್ನೆ ಬಂದ ಮೇಲೆ ಕಾಯಬೇಕು. ಇದು ಕಷ್ಟ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. 3 ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಮಾತಾಡುತ್ತಾರೆ. ನಾನು ಮನಸ್ಸಿನಲ್ಲೇ ಎಣಿಸುತ್ತೇನೆ. ಉತ್ತರ ಬಂದ ಮೇಲೂ ಕೂಡಲೇ 'ಸರಿ' ಅನ್ನುವುದಿಲ್ಲ. ನಾನು 'ಸರಿ' ಅಂದ ಕ್ಷಣ ಉಳಿದವರ ಯೋಚನೆ ನಿಂತುಹೋಗುತ್ತದೆ.

ಅಕ್ಷರ ಕೂಡಿಸಿ ಓದಲು ಇನ್ನೂ ಒದ್ದಾಡುವ ಮಗುವಿಗೆ ಈ ವಿಧಾನ ಒಂದೇ ಸಾಲದು. ಓದುವುದರಲ್ಲೇ ದಣಿದರೆ ಪ್ರಶ್ನೆಗೆ ಶಕ್ತಿ ಎಲ್ಲಿ? ಅಂಥವರಿಗೆ ಪ್ಯಾರಾವನ್ನು ಮೊದಲು ನಾನೇ ಓದುತ್ತೇನೆ, ಅವರು ಸಾಲಿನ ಮೇಲೆ ಬೆರಳಾಡಿಸುತ್ತಾರೆ. ಆಮೇಲೆ ಚರ್ಚೆಯಲ್ಲಿ ಅವರೂ ಸರಿಸಮ. ಓದಿನ ಅಭ್ಯಾಸವನ್ನು ಬೇರೆ ಹೊತ್ತಿನಲ್ಲಿ, ಚಿಕ್ಕ ಭಾಗವನ್ನೇ ಮತ್ತೆ ಮತ್ತೆ ಓದಿಸಿ ಮಾಡಿಸುತ್ತೇನೆ.

ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಹಾಗಾಗಿ ಮಾಹಿತಿ ತುಂಬಿದ ಪಾಠಗಳಿಗೆ ಮಾತ್ರ ಇದನ್ನು ಇಟ್ಟುಕೊಂಡಿದ್ದೇನೆ. ಕಥೆ, ಪದ್ಯ ಇದ್ದ ದಿನ ಗುಂಪೂ ಇಲ್ಲ, ಕೆಲಸ ಹಂಚಿಕೆಯೂ ಇಲ್ಲ. ನಾನು ಓದುತ್ತೇನೆ, ಅವರು ಕಿವಿಗೊಟ್ಟು ಕೇಳುತ್ತಾರೆ.