ಬೀಜ ಎತ್ತುವ ಮೊದಲು ಉತ್ತರ ಹೇಳಿ: ಹಿರಿಯರಿಗೆ ಮಣೆಯಾಟ ಆಡಿಸಿದ ನನ್ನ ಅನುಭವ

ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ, ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಗೆ ಹತ್ತಿರದ ದೇವಸ್ಥಾನವೊಂದರ ಪಡಸಾಲೆಯಲ್ಲಿ ಬಡಾವಣೆಯ ಹಿರಿಯರನ್ನು ಕೂಡಿಸಿ ಮಧ್ಯಾಹ್ನದ ಹೊತ್ತು ಆಟ ಆಡಿಸುತ್ತಾ ಬಂದಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು, ಅಳಗುಳಿ ಮಣೆ ಮತ್ತು ಚೌಕಾಬಾರಗಳನ್ನು ಚಿಕ್ಕಂದಿನಿಂದ ಬಲ್ಲವರು. ಹಾಗೆ ಬಲ್ಲವರಾಗಿರುವುದೇ ಇಲ್ಲಿನ ತೊಡಕು. ರೂಢಿಯಾದ ಆಟವನ್ನು ಕೈ ಆಡುತ್ತದೆಯೇ ಹೊರತು ತಲೆ ಆಡುವುದಿಲ್ಲ. ಮಾತು ಪಿಂಚಣಿಯ ಕಡೆಗೋ ಮಂಡಿನೋವಿನ ಕಡೆಗೋ ಹರಿಯುತ್ತಿರುವಾಗ ಬೀಜಗಳು ತಮ್ಮ ಪಾಡಿಗೆ ಗುಳಿಗಳಿಗೆ ಬೀಳುತ್ತಿರುತ್ತವೆ. ಆದ್ದರಿಂದ ಹಳೆಯ ಆಟಕ್ಕೆ ಒಂದೇ ಒಂದು ಹೊಸ ನಿಯಮ ಸೇರಿಸಿದೆ: ಬೀಜ ಎತ್ತುವ ಮೊದಲು, ಆಟ ಯಾವ ಗುಳಿಯಲ್ಲಿ ನಿಲ್ಲುತ್ತದೆ, ಎಷ್ಟು ಬೀಜ ಸಿಗುತ್ತದೆ ಎಂಬುದನ್ನು ಎದುರಾಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಬೇಕು.

ನಮ್ಮಲ್ಲಿ ಆಡುವ ಕ್ರಮವನ್ನು ಹೇಳಿಬಿಡುತ್ತೇನೆ. ಒಂದೊಂದು ಬದಿಗೆ ಏಳರಂತೆ 14 ಗುಳಿಗಳು, ಪ್ರತಿ ಗುಳಿಗೆ ಐದು ಹುಣಿಸೆ ಬೀಜ. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮುಂದುವರಿಸಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಂಡು ಸರದಿ ಬಿಟ್ಟುಕೊಡಬೇಕು. ಈ ಕ್ರಮದಲ್ಲಿ ಮೊದಲ ಆಟಗಾರರು ಯಾವ ಗುಳಿಯಿಂದ ಹೊರಟರೂ ಐದು ಬಾರಿ ಎತ್ತಿ ಹಾಕಿದ ಮೇಲೆ ಆಟ ನಿಲ್ಲುತ್ತದೆ, ಸಿಗುವುದು ಏಳೇ ಬೀಜ. ಮಣೆಯ ಎಲ್ಲ ಗುಳಿಗಳೂ ಆರಂಭದಲ್ಲಿ ಸಮವಾಗಿರುವುದೇ ಇದಕ್ಕೆ ಕಾರಣ. ನಾಲ್ಕು ನಾಲ್ಕು ತುಂಬಿದರೆ ಏಳು ಬಾರಿ ಎತ್ತಬೇಕಾಗುತ್ತದೆ, ಸಿಗುವುದು ಆರು. ಇದನ್ನು ನಾನು ಯಾರಿಗೂ ಮೊದಲೇ ತಿಳಿಸುವುದಿಲ್ಲ. ಅವರೇ ಕಂಡುಕೊಳ್ಳುವವರೆಗೆ ಬಿಡುತ್ತೇನೆ. ಕಂಡುಕೊಂಡ ಮೇಲೆ ಗುಳಿಗಳಿಗೆ ಸಮವಾಗಿ ತುಂಬುವುದನ್ನೇ ಕೈಬಿಟ್ಟು, ಒಂದರಲ್ಲಿ ಮೂರು, ಇನ್ನೊಂದರಲ್ಲಿ ಆರು ಎಂದು ಹೇಗೆಂದರೆ ಹಾಗೆ ಇಟ್ಟುಕೊಡುತ್ತೇನೆ. ಆಗ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ.

ಮದ್ದೂರಿನ ಕಡೆಯ ಹಳ್ಳಿಯಿಂದ ಬಂದು ಮಗನ ಮನೆಯಲ್ಲಿರುವ ಅಜ್ಜಿಯೊಬ್ಬರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಓಡಿಸುತ್ತಾ, ಒಂದು ಕೈಯಲ್ಲೇ ಹನ್ನೆರಡರವರೆಗೆ ಲೆಕ್ಕವಿಟ್ಟು, ಮೂರನೆಯ ಎತ್ತುವಿಕೆಯವರೆಗೂ ತಪ್ಪಿಲ್ಲದೆ ಮುಂಚಿತವಾಗಿ ಹೇಳುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು ಅವರೆದುರು ಕುಳಿತಾಗ ಜೇಬಿನಿಂದ ಪೆನ್ನು ತೆಗೆದರೆ, "ಕಾಗ್ದ ಯಾಕೆ ಸ್ವಾಮಿ, ತಲೇಲಿ ಮಡಿಕಳಿ" ಎಂದು ಅಜ್ಜಿ ಗದರುತ್ತಾರೆ. ನಾನು ಹೇಳಬೇಕಾದದ್ದನ್ನು ಅವರೇ ಹೇಳಿಬಿಡುವುದರಿಂದ ನನಗೆ ಕೆಲಸ ಕಡಿಮೆ. ಕಾಗದಕ್ಕೆ ಇಳಿಸಿದ ಕ್ಷಣವೇ ನೆನಪು ತನ್ನ ಹೊರೆಯನ್ನು ಇಳಿಸಿಬಿಡುತ್ತದೆ. ಹೊತ್ತುಕೊಂಡು ನಡೆಯುವುದೇ ಇಲ್ಲಿನ ಅಭ್ಯಾಸ.

ಚೌಕಾಬಾರದಲ್ಲಿ ಇದೇ ನಿಯಮ ಬೇರೆ ರೂಪ ಪಡೆಯುತ್ತದೆ. ಕವಡೆ ಹಾಕುವ ಮೊದಲು, ನಾಲ್ಕು ಬಿದ್ದರೆ ಯಾವ ಕಾಯಿ ನಡೆಸುತ್ತೀರಿ, ಎಂಟು ಬಿದ್ದರೆ ಯಾವುದು ಎಂದು ಹೇಳಬೇಕು. ಹೇಳಿದ ಮೇಲೆ ಬದಲಿಸುವಂತಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲವಾದ್ದರಿಂದ, ಕಟ್ಟೆಯಲ್ಲಿ ಸುರಕ್ಷಿತವಾಗಿ ಕುಳಿತಿರಬೇಕೋ ಬೆನ್ನಟ್ಟಬೇಕೋ ಎಂಬ ಯೋಚನೆ ಪ್ರತಿ ಗರಕ್ಕೂ ಇರುತ್ತದೆ. ಅದೃಷ್ಟವೂ ಬೆರೆತಿರುವುದು ಈ ಆಟದ ದೊಡ್ಡ ಗುಣ ಎಂಬುದು ನನ್ನ ಅಭಿಪ್ರಾಯ. ಸದಾ ಸೋಲುವವರು ಮರುವಾರ ಬರುವುದಿಲ್ಲ, ಕವಡೆ ಅವರನ್ನೂ ಆಗೀಗ ಗೆಲ್ಲಿಸುತ್ತದೆ.

ಚೌಕಾಬಾರದ ಬಟ್ಟೆಯಲ್ಲಿ 25 ಮನೆಗಳಿರುವುದರಿಂದ ಅದರ ಮೇಲೆಯೇ ಕುದುರೆ ನಡೆಯನ್ನೂ ಆಡಿಸುತ್ತೇನೆ. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮೆಟ್ಟಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಪೂರ್ಣ ಚದುರಂಗದ 64 ಮನೆಗಳಲ್ಲಿ ಇಂಥ ನಡೆಗಳನ್ನು ರಚಿಸಿದ್ದರೆಂದು ಹೇಳಿದರೆ ಮೈಸೂರಿಗರಿಗೆ ತಾನಾಗಿಯೇ ಹುರುಪು ಬರುತ್ತದೆ. ಮೂಲೆಯಿಂದ ಹೊರಟರೆ 25 ಮನೆಗಳನ್ನೂ ಮುಗಿಸಬಹುದು. ಮೂಲೆಗೆ ಅಂಟಿಕೊಂಡಿರುವ ಮನೆಯಿಂದ ಹೊರಟರೆ ಎಷ್ಟು ತಿಣುಕಿದರೂ ಆಗದು. ಮನೆಗಳಿಗೆ ಒಂದು ಬಿಟ್ಟು ಒಂದರಂತೆ ಕಪ್ಪು ಬಿಳುಪು ಬಳಿದರೆ ಮೂಲೆಗಳ ಬಣ್ಣದವು 13, ಇನ್ನೊಂದು ಬಣ್ಣದವು 12. ಕುದುರೆಯಾದರೋ ಪ್ರತಿ ಹೆಜ್ಜೆಗೂ ಬಣ್ಣ ಬದಲಿಸುತ್ತದೆ, ಹಾಗಾಗಿ ಹೆಚ್ಚಿರುವ ಬಣ್ಣದಿಂದ ಹೊರಟರೆ ಮಾತ್ರ ಎಲ್ಲವನ್ನೂ ಮುಗಿಸಲು ಸಾಧ್ಯ. ಈ ಕಾರಣವನ್ನು ತಾವೇ ಬಿಡಿಸಿದವರ ಮುಖ ನೋಡುವುದು, ನನ್ನಂಥ ಹಳೆಯ ಮೇಡಂಗೆ ಸಂಬಳಕ್ಕಿಂತ ಹೆಚ್ಚು.

ಪದಬಂಧವನ್ನು ಮನೆಯಲ್ಲಿ ಒಬ್ಬರೇ ಬಿಡಿಸುವವರು ಹಲವರಿದ್ದಾರೆ. ಕೂಟದಲ್ಲಿ ಒಬ್ಬರು ಸುಳಿವು ಓದಿ, ಇನ್ನೊಬ್ಬರು ಚೌಕಗಳನ್ನು ನೋಡದೆ ಉತ್ತರ ಹೇಳುವಂತೆ ಮಾಡಿದ್ದೇವೆ. ಇಸ್ಪೀಟಿಗೆ ದೇವಸ್ಥಾನದವರ ಒಪ್ಪಿಗೆಯಿಲ್ಲ, ಆ ಚರ್ಚೆಗೆ ನಾನು ಹೋಗಿಲ್ಲ.

ಸಲಕರಣೆಯ ವಿಷಯದಲ್ಲಿ ಮಾತ್ರ ಉಪೇಕ್ಷೆ ಸಲ್ಲದು. ಪೊರೆ ಬಂದ ಕಣ್ಣಿಗೆ ಕಪ್ಪು ಮಣೆಯಲ್ಲಿ ಕಂದು ಬೀಜ ಕಾಣುವುದಿಲ್ಲ. ಅದಕ್ಕಾಗಿ ಗುಳಿಗಳಿಗೆ ಬಿಳಿ ಬಣ್ಣ ಬಳಿಸಿದೆ. ಬಳೆಚೂರಿನ ಕಾಯಿಗಳ ಬದಲು ಇಡೀ ಅಡಿಕೆಗಳಿಗೆ ಬಣ್ಣ ಹಚ್ಚಿ ಕೊಟ್ಟೆ. ಬೆರಳು ಮಡಿಸಲಾಗದವರು ಕವಡೆಗಳನ್ನು ತೆಂಗಿನ ಕರಟದಲ್ಲಿ ಕುಲುಕಿ ಬೋರಲು ಹಾಕುತ್ತಾರೆ. ನೆಲದ ಮೇಲಿನ ಆಟವನ್ನು ಮೇಜಿಗೆ ಏರಿಸಿದೆ. ಮಂಕಾಗಿದ್ದಾರೆ ಎಂದು ಮನೆಯವರು ತಿಳಿದಿದ್ದ ಒಬ್ಬರಿಗೆ ಆಗಬೇಕಾಗಿದ್ದುದು ಶ್ರವಣ ಸಾಧನವೊಂದೇ. ಅದು ಬಂದ ಮೇಲೆ ಅವರು ನನ್ನ ಲೆಕ್ಕದಲ್ಲೇ ತಪ್ಪು ಹುಡುಕುತ್ತಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಡಿಮೆನ್ಷಿಯಾದ, ಅಂದರೆ ಮರೆವಿನ ಕಾಯಿಲೆಯ, ಅಪಾಯಕ್ಕೆ ಸಂಬಂಧಿಸಿ ಪಟ್ಟಿಮಾಡಿದ, ತಿದ್ದಿಕೊಳ್ಳಬಹುದಾದ 14 ಅಂಶಗಳಲ್ಲಿ ಕಿವುಡುತನವೂ ಚಿಕಿತ್ಸೆ ಪಡೆಯದ ದೃಷ್ಟಿದೋಷವೂ ಇವೆ.

ಆಟದಿಂದ ಮರೆವಿನ ಕಾಯಿಲೆ ಬಾರದೆಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. 75 ದಾಟಿದ 469 ಜನರನ್ನು ಅನುಸರಿಸಿ ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಓದು, ಮಣೆಯಾಟ, ವಾದ್ಯ, ನೃತ್ಯಗಳಲ್ಲಿ ತೊಡಗಿದ್ದವರಿಗೆ ಡಿಮೆನ್ಷಿಯಾದ ಅಪಾಯ ಕಡಿಮೆಯಿದ್ದುದು ಕಂಡುಬಂದಿತು. ಆದರೆ ಕಾಯಿಲೆಯ ಮೊದಲ ನೆರಳು ಬಿದ್ದವರೇ ಆಟ ಬಿಟ್ಟಿರಲೂಬಹುದು. 2019ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಮಿದುಳಿನ ತರಬೇತಿಗಿಂತ ದೈಹಿಕ ಚಟುವಟಿಕೆಯನ್ನೇ ಹೆಚ್ಚು ಒತ್ತಿ ಹೇಳುತ್ತದೆ. ಅದಕ್ಕೇ ಮಣೆ ಎತ್ತಿಟ್ಟ ಮೇಲೆ ಎಲ್ಲರೂ ಉದ್ಯಾನದ ಸುತ್ತ ನಡೆಯಲೇಬೇಕು. ಆಡಿ ಬಲ್ಲ ಆಟದ ನಿಯಮವನ್ನೇ ಯಾರಾದರೂ ಮತ್ತೆ ಮತ್ತೆ ಕೇಳತೊಡಗಿದರೆ, ಅಥವಾ ತಮ್ಮ ಸರದಿ ಯಾವುದೆಂದು ತಿಳಿಯದೆ ಗಲಿಬಿಲಿಗೊಂಡರೆ, ಅವರೆದುರು ಏನನ್ನೂ ಹೇಳದೆ ಮನೆಯವರನ್ನು ಬೇರೆಯಾಗಿ ಕಂಡು ವೈದ್ಯರ ಬಳಿ ಕರೆದೊಯ್ಯಲು ಹೇಳುತ್ತೇನೆ. ಅಂಥವರು ಆಟಕ್ಕೆ ಬರುವುದನ್ನು ನಿಲ್ಲಿಸಬೇಕಾಗಿಲ್ಲ; ಅವರ ಪಾಲಿಗೆ ಮುಂಚಿತವಾಗಿ ಹೇಳುವ ನಿಯಮವನ್ನು ಸಡಿಲಿಸಿ, ಬೀಜ ಹಾಕುವುದನ್ನಷ್ಟೇ ಉಳಿಸಿಕೊಳ್ಳುತ್ತೇವೆ.