ಇಂಗ್ಲೆಂಡಲ್ಲಿ ಕಾಡು ತಗೊಂಡಿದೀರಾ? ಮರ ಕಡಿಸೋ ಮುಂಚೆ ಇದನ್ನ ಓದಿ

ಈ ಚಳಿಗಾಲದಲ್ಲಿ ಇದು ಮೂರನೇ ಫೋನು. "ಕೆಂಟಲ್ಲಿ ನಾಲ್ಕು ಎಕ್ರೆ ಕಾಡು ತಗೊಂಡ್ವಿ ಅಣ್ಣಾ, ಆಶ್ ಮರಕ್ಕೆಲ್ಲ ರೋಗ, ಮುಂದಿನ ವಾರ ಕಡಿಸ್ತೀವಿ." ಮಾರಾಯ್ರೇ, ಮೊದ್ಲು ಆ ಕಾಂಟ್ರಾಕ್ಟರ್‌ಗೆ ಬರ್ಬೇಡ ಅಂತ ಹೇಳಿ. ಇಲ್ಲಿ ಸ್ವಂತ ಕಾಡಲ್ಲಿ ಮರ ಕಡಿಯಕ್ಕೂ ಸಾಮಾನ್ಯವಾಗಿ ಸರ್ಕಾರದ ಫಾರೆಸ್ಟ್ರಿ ಕಮಿಷನ್ನಿಂದ ಲೈಸನ್ಸ್ ಬೇಕು.

2019ರಲ್ಲಿ ನಾನೂ ಹಿಂಗೇ ಮಾಡಿದ್ದು. ಆಶ್ ಡೈಬ್ಯಾಕ್, ಅಂದ್ರೆ ಆಶ್ ಮರಾನ ತುದಿಯಿಂದ ಒಣಗಿಸೋ ಆ ರೋಗ, ಈ ದೇಶಕ್ಕೆ ಬಂದಿದ್ದು ಗೊತ್ತಾಗಿದ್ದೇ 2012ರಲ್ಲಿ, ನಮ್ ಕಾಡಲ್ಲಿ ತುದಿ ಒಣಗ್ತಾ ಇತ್ತು, ಕಡಿಯೋನು ಬಂದು ನೋಡಿ "ರೋಗದ ಮರಕ್ಕೆ ಲೈಸನ್ಸ್ ಬೇಡ" ಅಂದ, ನಾನೂ ಹೂಂ ಅಂದೆ, ಎರಡು ದಿನದಲ್ಲಿ ಇಪ್ಪತ್ತು ಮರ ನೆಲಕ್ಕೆ. ಕಾಲ್ದಾರೀಲಿ ನಾಯಿ ಜೊತೆ ಹೋಗ್ತಿದ್ದೋರು ಯಾರೋ ಕಂಪ್ಲೇಂಟ್ ಕೊಟ್ರು. ಆಮೇಲೆ ಗೊತ್ತಾಗಿದ್ದು, ಲೈಸನ್ಸ್ ಬೇಡದ್ದು ಸತ್ತ ಮರಕ್ಕೆ. ಸಾಯ್ತಾ ಇರೋ ಮರದಲ್ಲಿ ಒಂದು ಕೊಂಬೆ ಚಿಗುರಿದ್ರೂ ಅದು ಜೀವಂತ ಮರ, ಲೈಸನ್ಸ್ ಬೇಕು. ಇವತ್ತೋ ನಾಳೆಯೋ ದಾರಿ ಮೇಲೆ ಬೀಳೋ ಹಂಗಿದ್ರೆ ಬೇರೆ ಮಾತು, ಆಗ್ಲೂ ಕಡಿಯೋ ಮುಂಚೆ ಫೋಟೋ ತೆಗೆದಿಡಿ.

ಲೈಸನ್ಸ್ ಇಲ್ದೆ ಕಡಿಯಕ್ಕಿರೋದು ಮೂರು ತಿಂಗಳಿಗೆ 5 ಘನ ಮೀಟರ್, ಅದ್ರಲ್ಲಿ ಮಾರಬಹುದಾದ್ದು ಎರಡೇ. ಜನವರಿಯಿಂದ ಮಾರ್ಚ್ ಒಂದು, ಏಪ್ರಿಲಿಂದ ಜೂನ್ ಇನ್ನೊಂದು, ಹಿಂಗೆ. ಅಳತೆ ಆಸ್ತಿಗೆ, ಆಳಿಗಲ್ಲ, "ನಂದು ಐದು, ನಮ್ಮನೆಯವ್ಳದು ಐದು" ಅಂತ ನಾನೂ ಲೆಕ್ಕ ಹಾಕಿದ್ದೆ! ಎದೆಮಟ್ಟದಲ್ಲಿ 35 ಸೆಂಟಿಮೀಟರ್ ಅಡ್ಡಗಲ ಇರೋ ಎತ್ತರದ ಆಶ್ ಐದಾರು ಕಡಿದ್ರೆ ಕೋಟಾ ಮುಗೀತು.

ನನಗೆ ಬಂದಿದ್ದು ಮರ ನೆಡೋ ನೋಟಿಸು. ಓಕು, ಹಾರ್ನ್‌ಬೀಮ್ ನೆಟ್ಟು ಹತ್ತು ವರ್ಷ ಸಾಕ್ಬೇಕು. ಸಸಿ ಅಗ್ಗ, ಜಿಂಕೆ ತಿನ್ದಂಗೆ ಹಾಕೋ ಬೇಲೀಲೇ ದುಡ್ಡು ಹೋಯ್ತು, ಒಟ್ಟು ಮೂರು ಸಾವಿರ ಪೌಂಡ್ ಹತ್ರ. ಈಗ ಇನ್ನೂ ಬಿಗಿ, 2023ರಿಂದ ದಂಡಕ್ಕೆ ಮೇಲ್ಮಿತಿನೇ ಇಲ್ಲ. ಹೊಟ್ಟೆ ಉರಿಯೋದು ಏನಂದ್ರೆ, ಫಾರೆಸ್ಟ್ರಿ ಕಮಿಷನ್ ಲೈಸನ್ಸಿಗೆ ಒಂದು ಪೆನ್ನಿನೂ ತಗೊಳಲ್ಲ, ಅರ್ಜಿ ಹಾಕಿ ಕೆಲವು ತಿಂಗಳು ಕಾಯ್ಬೇಕು ಅಷ್ಟೇ. ಹಂಗಾಗಿ ಬೇಸಿಗೇಲೇ ಅರ್ಜಿ ಹಾಕಿ, ಚಳಿಗಾಲದಲ್ಲಿ ಕಡಿಯಕ್ಕಾಗತ್ತೆ, ಮಾರ್ಚಿಂದ ಹಕ್ಕಿ ಗೂಡು ಶುರುವಾಗತ್ತೆ, ಗೂಡಿದ್ರೆ ಮುಟ್ಟಂಗಿಲ್ಲ. ಕೌನ್ಸಿಲ್ಲಿಂದ ಟಿಪಿಒ, ಅಂದ್ರೆ ಮರ ಕಾಪಾಡೋ ಆದೇಶ, ಇದ್ಯಾ ಅಂತಾನೂ ಕೇಳಿ, ಅದಿದ್ರೆ ಆ ಐದು ಘನ ಮೀಟರ್ ಲೆಕ್ಕ ನಡಿಯಲ್ಲ.

ಊರಲ್ಲಿ ಹೆಂಗೆ? ಕರ್ನಾಟಕದ 1976ರ ಮರ ಸಂರಕ್ಷಣೆ ಕಾನೂನಲ್ಲಿ ಮರದ ಜಾತಿ ನೋಡಿ ವಿನಾಯ್ತಿ, ಸಿಲ್ವರ್ ಓಕ್, ನೀಲಗಿರಿ ಆದ್ರೆ ಕಡೀಬಹುದು, ವಿನಾಯ್ತಿ ಪಟ್ಟೀಲಿ ಇಲ್ದಿದ್ರೆ ಇಲಾಖೆ ಮುಂದೆ ನಿಲ್ಲು. ಇಲ್ಲಿ ಮರ ಯಾವ್ದಾದ್ರೂ ಸರಿ, ಎಷ್ಟು ಅನ್ನೋದು ಮುಖ್ಯ. ನನ್ನ ಕೇಳಿದ್ರೆ ಇಲ್ಲೀದೇ ವಾಸಿ, ಕಾಗದ ಒಂದಿದ್ರೆ ಯಾರ ಮುಖಾನೂ ನೋಡ್ಬೇಕಾಗಿಲ್ಲ.

ಶಿರಸಿ ಕಡೆಯೋರಿಗೆ ಒಂದು ಮಾತು, ಇಲ್ಲಿ ಚೆಸ್ಟ್‌ನಟ್ಟನ್ನ ಬುಡಕ್ಕೇ ಕಡಿದು ಚಿಗುರಿಸ್ತಾರೆ, ಕಾಪಿಸ್ ಅಂತಾರೆ, ನಮ್ ಸೊಪ್ಪಿನ ಬೆಟ್ಟ ನೋಡಿದೋರಿಗೆ ಕೈಗೆ ಬೇಗ ಹತ್ತತ್ತೆ. ಹಂಗೆ ಚಿಗುರಿದ್ದು ಎದೆಮಟ್ಟದಲ್ಲಿ 15 ಸೆಂಟಿಮೀಟರ್ ದಪ್ಪದ ಒಳಗಿದ್ರೆ ಲೈಸನ್ಸೂ ಬೇಡ. ಮೊದಲ ವರ್ಷ ಅದನ್ನೇ ಮಾಡಿ, ಆಶ್ ಒಣಗ್ಲಿ ಬಿಡಿ.