ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದವರಿಗೆ: ಭಾನುವಾರದ ತಿಂಡಿ, ಪಕ್ಕದ ಮನೆಯವರ ಮಾತು

ಬಾಷ್, ಮರ್ಸಿಡಿಸ್ ಅಂತ ಬೆಂಗಳೂರಿನಿಂದ ಇಲ್ಲಿಗೆ ಬಂದವರು ಮೊದಲ ವಾರ ಎರಡು ವಿಷಯ ಕೇಳಿಯೇ ಕೇಳುತ್ತಾರೆ. ಬೆಳಿಗ್ಗೆ ತಿಂಡಿಗೆ ಏನು ಮಾಡ್ತೀರಿ? ಈ ಜನ ಮಾತಾಡ್ತಾರಾ? ಭಾನುವಾರದಿಂದಲೇ ಶುರು ಮಾಡೋಣ. ಹೊಸಬರಿಗೆ ಎರಡೂ ಕಷ್ಟ ಆಗೋದು ಅವತ್ತೇ.

ಭಾನುವಾರ ಜರ್ಮನಿಯಲ್ಲಿ ಅಂಗಡಿಗಳಿಗೆ ರಜೆ, ಕಾನೂನೇ ಹಾಗಿದೆ. ಕೆಲವು ಬೇಕರಿಗಳು ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆದಿರುತ್ತವೆ, ದೊಡ್ಡ ರೈಲು ನಿಲ್ದಾಣದಲ್ಲಿ ಒಂದೆರಡು ಅಂಗಡಿ ಸಿಗುತ್ತವೆ, ಅಷ್ಟೇ. ಈರುಳ್ಳಿ ಮುಗಿದಿದೆ, ಕೆಳಗೆ ಹೋಗಿ ತರ್ತೀನಿ ಅನ್ನೋ ಹಾಗಿಲ್ಲ. ಜೊತೆಗೆ ಅವತ್ತು ಇಡೀ ದಿನ ಸದ್ದು ಮಾಡಬಾರದು ಅನ್ನೋ ನಿಯಮ ಬೇರೆ. ಬೆಳಿಗ್ಗೆ ಏಳಕ್ಕೆ ಚಟ್ನಿಗೆ ಮಿಕ್ಸಿ ಹಾಕಿದರೆ ಪಕ್ಕದ ಮನೆಯವರ ಪರಿಚಯ ಆಗುತ್ತದೆ, ಆದರೆ ಆ ಥರ ಪರಿಚಯ ಬೇಡ.

ಹಾಗಾಗಿ ಮಿಕ್ಸಿ ಬೇಡದ, ಅಂಗಡಿ ಬೇಡದ ತಿಂಡಿ ಬೇಕು. ಶನಿವಾರ ರಾತ್ರಿ ಬೇಕೆಂದೇ ಒಂದು ಲೋಟ ಅಕ್ಕಿ ಜಾಸ್ತಿ ಇಡಿ. ಉಳಿದ ಅನ್ನವನ್ನು ತಟ್ಟೆಗೆ ಹರಡಿ, ಆರಿದ ಕೂಡಲೇ ಫ್ರಿಜ್ಜಿಗೆ ಹಾಕಿ. ಊರಲ್ಲಿ ಮುಚ್ಚಿ ಕಟ್ಟೆ ಮೇಲೆ ಬಿಡ್ತಿದ್ವಿ ಅಂತ ಇಲ್ಲಿ ಬಿಡಬೇಡಿ, ಚಳಿಗಾಲದಲ್ಲೂ ಹೀಟರ್‌ನಿಂದ ಅಡುಗೆಮನೆ ಬೆಚ್ಚಗೇ ಇರುತ್ತದೆ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬೇಯಿಸಿದರೂ ಪೂರ್ತಿ ಸಾಯುವುದಿಲ್ಲ. ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಅನ್ನ ಗಟ್ಟಿಯಾಗಿ ಉದುರುದುರಾಗಿರುತ್ತದೆ, ಚಿತ್ರಾನ್ನಕ್ಕೆ ಅದೇ ಚೆನ್ನ. ಊರಿಂದ ಬರುವವರ ಕೈಲಿ ಕರಿಬೇವು, ತುಪ್ಪ ತರಿಸಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಹಸಿ ಸೊಪ್ಪು ತರುವಂತಿಲ್ಲ, ಹಾಲಿನ ಪದಾರ್ಥವಂತೂ ಇಲ್ಲವೇ ಇಲ್ಲ. ತೆಂಗಿನಕಾಯಿಗೆ ಮಾತ್ರ ಅಡ್ಡಿಯಿಲ್ಲ!

ಇಲ್ಲಿಯ ಗಾಜಿನ ಒಲೆ ಆರಿಸಿದ ಮೇಲೂ ಸುಮಾರು ಹೊತ್ತು ಕಾದೇ ಇರುತ್ತದೆ. ಸಾಸಿವೆ ಸಿಡಿದು ಕಡಲೆಬೇಳೆ ಕೆಂಪಾಗುತ್ತಿದ್ದ ಹಾಗೆ ಬಾಣಲೆಯನ್ನೇ ಪಕ್ಕಕ್ಕೆ ಎತ್ತಿಡಿ, ಮೆಣಸಿನಕಾಯಿ ಆಮೇಲೆ ಹಾಕಿ. ಇಲ್ಲದಿದ್ದರೆ ಘಾಟು ಮನೆ ತುಂಬುತ್ತದೆ. ಕಿಟಕಿ ಪೂರ್ತಿ ತೆಗೆಯಿರಿ. ಮೆಟ್ಟಿಲ ಕಡೆಯ ಬಾಗಿಲು ಮಾತ್ರ ತೆಗೆಯಬೇಡಿ. ನಮ್ಮ ಒಗ್ಗರಣೆ ನಾಲ್ಕು ಮಹಡಿಗೂ ಮುಟ್ಟುತ್ತದೆ, ದೂರು ಬರೋದು ಅಲ್ಲಿಂದಲೇ. ಮನೆಯೊಳಗಿನ ಕಾರಿಡಾರ್‌ನಲ್ಲಿ ಹೊಗೆಯ ಅಲಾರಂ ಇರುತ್ತದೆ, ಕೂಗಿತು ಅಂತ ಕಿತ್ತಿಡಬೇಡಿ. ಮಲಗುವ ಕೋಣೆಗೂ ಅಲ್ಲಿಂದ ಹೊರಗೆ ಹೋಗುವ ಕಾರಿಡಾರ್‌ಗೂ ಅದು ಕಡ್ಡಾಯ.

ಅನ್ನ ಇಲ್ಲವೇ? ನಿನ್ನೆಯ ಬ್ರೆಟ್ಸೆಲ್ ಇದ್ದೇ ಇರುತ್ತದೆ, ಅದರದ್ದೇ ಉಪ್ಪಿಟ್ಟು ಮಾಡಿ. ಇದು ಈ ಊರಿನ ಬ್ರೆಡ್ಡು, ಒಂದು ದಿನ ಕಳೆದರೆ ಹಲ್ಲಿಗೆ ಕೆಲಸ. ಮೊದಲು ಮೇಲಿನ ದಪ್ಪ ಉಪ್ಪಿನ ಹರಳನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಇದನ್ನು ಮರೆತರೆ ಉಪ್ಪಿಟ್ಟು ಬಾಯಿಗಿಡೋಕಾಗಲ್ಲ. ಆಮೇಲೆ ಬೆರಳ ತುದಿಯಷ್ಟು ತುಂಡು ಮಾಡಿ, ಮಜ್ಜಿಗೆ ಚಿಮುಕಿಸಿ, ಹತ್ತು ನಿಮಿಷ ಮುಚ್ಚಿಡಿ. ಸುಮ್ನೆ ಚಿಮುಕಿಸಿದರೆ ಸಾಕು, ನೆನೆಸಿದರೆ ಮುದ್ದೆಯಾಗುತ್ತದೆ. ಈರುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ ಕೈಯಾಡಿಸಿ. ಉಪ್ಪು ಮತ್ತೆ ಹಾಕುವ ಮುಂಚೆ ರುಚಿ ನೋಡಿ. ಕಂದು ಸಿಪ್ಪೆಯ ತುಂಡುಗಳು ಕೊನೆವರೆಗೂ ಸ್ವಲ್ಪ ಅಗಿಯುವ ಹಾಗೇ ಇರುತ್ತವೆ, ನನಗೆ ಅದೇ ಇಷ್ಟ. ಉಳಿದ ಚಪಾತಿಗೂ ಇದೇ ದಾರಿ. ಹುಳಿ ಬಂದ ಹಿಟ್ಟಿದ್ದರೆ ಪಡ್ಡು, ಅದನ್ನು ನಾನು ಹೇಳಿಕೊಡಬೇಕಿಲ್ಲ.

ಇನ್ನು ಮಾತು. ನಾವು ಮನುಷ್ಯನ ಬಗ್ಗೆ ಕೇಳಿ ಮಾತು ಶುರು ಮಾಡುತ್ತೇವೆ. ಯಾವೂರು, ಏನ್ ಕೆಲಸ, ಮಕ್ಕಳೆಷ್ಟು? ಇಲ್ಲಿ ಅದು ನಡೆಯಲ್ಲ. ಎದುರಿಗಿರುವ ಕೆಲಸದ ಬಗ್ಗೆ ಕೇಳಿ, ಮಾತು ತಾನಾಗಿ ಬರುತ್ತದೆ. ಕರಿಬೇವಿನ ಕಡ್ಡಿ ಯಾವ ಕಸದ ಡಬ್ಬಿಗೆ ಅಂತ ಕೇಳಿ ನೋಡಿ. ಮನೆ ಬಾಗಿಲಿಂದ ಕೆಳಗಿಳಿದು ಬಂದು ತೋರಿಸುವವರಿದ್ದಾರೆ. ಈ ಸೀಮೆಯಲ್ಲಿ ಕೇರ್‌ವೊಹೆ ಅಂತ ಒಂದಿದೆ. ಮೆಟ್ಟಿಲು ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಗೆ ಬರುತ್ತದೆ, ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಫಲಕ ನೇತುಬಿದ್ದಿರುತ್ತದೆ. ಹೇಗೆ ಮಾಡ್ಬೇಕು ಅಂತ ಫಲಕ ಬರುವ ಮುಂಚೆಯೇ ಪಕ್ಕದವರನ್ನು ಕೇಳಿ. ಕೇಳದೆ ಬಿಟ್ಟರೆ ಅವರೇ ಬಂದು ಹೇಳುತ್ತಾರೆ, ದನಿ ಬೇರೆಯಾಗಿರುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿ ಪಾರ್ಸೆಲ್. ನೀವಿಲ್ಲದಾಗ ಬಂದದ್ದನ್ನು ಪಕ್ಕದ ಮನೆಯಲ್ಲಿ ಕೊಟ್ಟು, ನಿಮ್ಮ ಅಂಚೆ ಡಬ್ಬಿಗೆ ಚೀಟಿ ಹಾಕಿ ಹೋಗುತ್ತಾರೆ. ಅವರದ್ದು ಬಂದಾಗ ನೀವೂ ಇಸ್ಕೊಳ್ಳಿ. ಮನೆಯಿಂದ ಕೆಲಸ ಮಾಡುವವರಿಗೆ ಒಂದೇ ತಿಂಗಳಲ್ಲಿ ಇಡೀ ಕಟ್ಟಡದ ಪರಿಚಯ ಆಗಿಬಿಡುತ್ತದೆ.

ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ ಸಿಕ್ಕಿದವರಿಗೆ ಹೊಸಬರಾದ ನೀವೇ ಮೊದಲು ‘ಗ್ರ್ಯೂಸ್ ಗೊಟ್’ ಅನ್ನಿ, ಅದು ಇಲ್ಲಿಯ ನಮಸ್ಕಾರ. ಡಾಕ್ಟರ ಹತ್ತಿರ ಹೋದಾಗ ಕಾಯುವ ಕೋಣೆಗೆ ಕಾಲಿಟ್ಟ ಕೂಡಲೇ ಕೂತವರಿಗೆಲ್ಲ ಸೇರಿಸಿ ಒಂದು ನಮಸ್ಕಾರ ಹೇಳಬೇಕು. ಹೇಳಿ ಸುಮ್ಮನೆ ಕೂತ್ಕೊಳ್ಳಿ, ಮುಂದೆ ಮಾತಾಡಲೇಬೇಕು ಅಂತೇನಿಲ್ಲ. ಸಿಕ್ಕಿದವರ ಜೊತೆ ನಾಯಿ ಇದ್ದರೆ ನಾಯಿಯ ಹೆಸರು ಕೇಳಿ. ಅವರು ಮಾತು ತಟ್ಟನೆ ಮುಗಿಸಿ ಹೊರಟರೆ ಕೋಪ ಅಂದ್ಕೋಬೇಡಿ, ಹೇಳೋದು ಮುಗಿದಿರುತ್ತದೆ ಅಷ್ಟೇ.

ತಿಂಡಿ ಕೊಡಬೇಕು ಅನ್ನಿಸಿದರೆ ನಾಲ್ಕಾರು ಸಲ ಮಾತಾಡಿದ ಮೇಲೆ ಕೊಡಿ. ಬಾಗಿಲು ತಟ್ಟಿ ತಟ್ಟೆ ಹಿಡಿಯುವ ಬದಲು ಹಿಂದಿನ ದಿನವೇ ಕೇಳಿ. ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜ ಹಾಕಿದ್ದರೆ ಮೊದಲೇ ಹೇಳಿ, ಅಲರ್ಜಿ ಇರಬಹುದು. ಡಬ್ಬಿ ತೊಳೆದು ವಾಪಸ್ ಬರುತ್ತದೆ. ಜೊತೆಗೆ ಹೊಗಳಿಕೆ ಬರಬಹುದು ಅಂತ ಕಾಯಬೇಡಿ. ಬೈಯ್ಯಲಿಲ್ಲ ಅಂದರೆ ಸಾಕಷ್ಟು ಹೊಗಳಿದ ಹಾಗೆ ಅಂತ ಇಲ್ಲಿಯವರದೇ ಗಾದೆ ಇದೆ. ‘ತಿನ್ನಬಹುದು’ ಅಂದರು ಅಂದ್ರೆ ಇನ್ನೊಂದು ಸಲ ಕೊಡಿ.